ಬೇಸಿನ್ ತೆಗೆದ ಗೋಡೆ: ಮುರಕಲ್ಲಿನ ಮನೆಯ ಒಂದು ಪ್ರಕರಣ

ಇಲ್ಲಿ ಹೇಳುವ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕನ್ನಡ ಮಾತಾಡುವ ಒಂದು ಗ್ರಾಮದಲ್ಲಿದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗ್ರಾಮದ ಹೆಸರು, ಮನೆತನದ ಗುರುತು, ಕೆಲಸಕ್ಕೆ ಬಂದವರ ವಿವರ ಯಾವುದನ್ನೂ ಕೊಟ್ಟಿಲ್ಲ. ಮನೆಯ ಹಿರಿಯರನ್ನು ‘ಅಮ್ಮ’ ಎಂದೂ ಉಳಿದಿಬ್ಬರನ್ನು ‘ಮಗ’, ‘ಸೊಸೆ’ ಎಂದೂ ಕರೆದಿದ್ದೇನೆ. ನಾನು ಈ ಭಾಗದಲ್ಲಿ ಹಳೆಯ ಮನೆಗಳ ದುರಸ್ತಿ ಮಾಡಿಸುವವನು. ಶೌಚಾಲಯದ ಗೋಡೆಯಿಂದ ಒಂದು ವಾಶ್‌ಬೇಸಿನ್ ಇಳಿಸುವುದು ನಮ್ಮ ಲೆಕ್ಕದಲ್ಲಿ ಸಣ್ಣ ಕೆಲಸ. ಈ ಮನೆಯಲ್ಲಿ ಅದು ಮೂರು ಸಲ ಮತ್ತೆ ಕೈಗೆತ್ತಿಕೊಳ್ಳಬೇಕಾದ ಕೆಲಸವಾಯಿತು. ಅದರಲ್ಲಿ ಎರಡು ಸಲದ ಕಾರಣ ಗೋಡೆಯಲ್ಲಿರಲಿಲ್ಲ, ನಾನು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿತ್ತು.

ಮನೆ ಮತ್ತು ಮನೆಯವರು

ಹಳೆಯ ಹೆಂಚಿನ ಮನೆಗೆ 1997ರಲ್ಲಿ ತಾರಸಿಯ ಒಂದು ಕೋಣೆಯನ್ನು ಸೇರಿಸಿ, ಅದಕ್ಕೆ ಅಂಟಿದಂತೆ ಶೌಚಾಲಯ ಕಟ್ಟಿದ್ದರು. ಗೋಡೆ ಪೂರ್ತಿ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು; ಒಳಗಡೆ ಸಾರಣೆಯ ಮೇಲೆ ಎಂಟು ಇಂಚಿಗೆ ಹನ್ನೆರಡು ಇಂಚಿನ ಬಿಳಿ ಟೈಲು. ಶೌಚಾಲಯದ ಅಗಲ 120 ಸೆಂಟಿಮೀಟರ್, ಅಂದರೆ ಸುಮಾರು ನಾಲ್ಕು ಅಡಿ. ಬಾಗಿಲು ತೆರೆದು ಒಳಗೆ ಹೋದರೆ ಎಡಗೋಡೆಯಲ್ಲಿ ಬೇಸಿನ್, ಅದನ್ನು ದಾಟಿದರೆ ಕಮೋಡ್. ಸ್ನಾನಕ್ಕೆ ಮನೆಯವರೆಲ್ಲ ಹಿಂದಿನ ಬಚ್ಚಲನ್ನೇ ಬಳಸುತ್ತಿದ್ದರು. ಹಂಡೆಯ ಬಿಸಿನೀರು ಇರುವುದು ಅಲ್ಲಿ. ಈ ವಿವರ ಆಗ ನನಗೆ ಮುಖ್ಯವೆನಿಸಲಿಲ್ಲ.

ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ವಾಕರ್ ಹಿಡಿದು ನಡೆಯುವ ಹಂತಕ್ಕೆ ಬಂದಿದ್ದರು. ವಾಕರಿನ ಅಗಲ 62 ಸೆಂಟಿಮೀಟರ್. ಬೇಸಿನ್ ಗೋಡೆಯಿಂದ 42 ಸೆಂಟಿಮೀಟರ್ ಮುಂದಕ್ಕೆ ಚಾಚಿತ್ತು. ಅದರ ಅಂಚಿಗೂ ಎದುರಿನ ಗೋಡೆಗೂ ನಡುವೆ 78 ಸೆಂಟಿಮೀಟರ್ ಉಳಿಯುತ್ತಿತ್ತು. ನೇರ ಹೋಗಲು ಅಷ್ಟು ಸಾಕು. ಆದರೆ ಕಮೋಡಿನ ಮುಂದೆ ಬೆನ್ನು ತಿರುಗಿಸಿ ಕೂರಬೇಕಾದಾಗ ವಾಕರಿನ ಕಾಲು ಬೇಸಿನ್ನಿನ ಅಡಿಗೆ ಸಿಕ್ಕಿಕೊಳ್ಳುತ್ತಿತ್ತು. ದಿನಕ್ಕೆ ಐದಾರು ಸಲ, ರಾತ್ರಿಯೂ ಸೇರಿ, ಸೊಸೆ ಬಾಗಿ ಆ ಕಾಲನ್ನು ಬಿಡಿಸುತ್ತಿದ್ದರು. ಊಟದ ಕೋಣೆಯಲ್ಲಿ ಇನ್ನೊಂದು ಬೇಸಿನ್ ಇತ್ತು. ಆದ್ದರಿಂದ ಇದನ್ನು ತೆಗೆಸಿಬಿಡುವುದೆಂದು ಮಗ ನಿರ್ಧರಿಸಿದರು. ನಿರ್ಧಾರ ತಪ್ಪಾಗಿರಲಿಲ್ಲ ಎಂದೇ ಈಗಲೂ ಹೇಳುತ್ತೇನೆ.

ಒಂದು ಗಂಟೆಯ ಕೆಲಸ

ಮೊದಲು ಬಂದದ್ದು ನಾನಲ್ಲ. ಮಗ ಊರಿನಲ್ಲೇ ಸಿಕ್ಕಿದ ಒಬ್ಬ ಪ್ಲಂಬರನ್ನು ಕರೆಸಿದ್ದರು. ಒಂದು ಗಂಟೆಯ ಕೆಲಸವೆಂದು ಅವರು ಶುರುಮಾಡಿದರು. ಬೇಸಿನ್ನಿನ ಅಡಿಯಲ್ಲಿ ನೀರು ನಿಲ್ಲಿಸುವ ಆಂಗಲ್ ಕಾಕ್ ಇಪ್ಪತ್ತಕ್ಕೂ ಹೆಚ್ಚು ವರ್ಷ ತಿರುಗಿಸದೆ ಹಿಡಿದುಹೋಗಿತ್ತು. ಪೈಪ್ ರೆಂಚ್ ಹಾಕಿ ಬಲವಾಗಿ ತಿರುಗಿಸಿದಾಗ ಕಾಕ್ ಒಂದೇ ತಿರುಗಲಿಲ್ಲ, ಅದರ ಹಿಂದೆ ಗೋಡೆಯೊಳಗಿದ್ದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ನಿಪ್ಪಲ್, ಅಂದರೆ ಗಿಡ್ಡ ಪೈಪಿನ ತುಂಡು ಕೂಡ ತಿರುಗಿ, ಥ್ರೆಡ್ ಇರುವಲ್ಲೇ ತುಂಡಾಯಿತು. ಜಿ.ಐ. ಪೈಪು ಮೊದಲು ಸೋಲುವುದು ಅಲ್ಲೇ, ಏಕೆಂದರೆ ಥ್ರೆಡ್ ಕೊರೆದ ಕಡೆ ಲೋಹ ತೆಳುವಾಗಿರುತ್ತದೆ, ಮೇಲಿನ ಸತುವಿನ ಲೇಪವೂ ಹೋಗಿರುತ್ತದೆ.

ನೀರಿನ ಟ್ಯಾಂಕಿ ಆ ತೂತಿಗಿಂತ ಸುಮಾರು 4 ಮೀಟರ್ ಮೇಲೆ ತಾರಸಿಯಲ್ಲಿತ್ತು. ಕಾಕ್ ಕಳಚಿದ ಅರ್ಧ ಇಂಚಿನ ಬಾಯಿಯಿಂದ ಅಷ್ಟು ಎತ್ತರದ ನೀರು ಎದುರಿನ ಗೋಡೆಗೆ ಹೊಡೆಯಿತು. ತಾರಸಿಗೆ ಓಡಿದವರಿಗೆ ಗೇಟ್ ವಾಲ್ವ್ ಸಿಕ್ಕಿತು, ಆದರೆ ಅದರ ಚಕ್ರ ತಿರುಗಿದರೂ ಒಳಗಿನ ಬಾಗಿಲು ಇಳಿಯಲಿಲ್ಲ. ಬಟ್ಟೆ ಸುತ್ತಿದ ಮರದ ಗೂಟವನ್ನು ತೂತಿಗೆ ಬಡಿದು ಹರಿವನ್ನು ತಗ್ಗಿಸುವಷ್ಟರಲ್ಲಿ ಟ್ಯಾಂಕಿಯ ಅರ್ಧ ನೀರು ಕೋಣೆಯವರೆಗೂ ಹರಿದಿತ್ತು. ಅಮ್ಮನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಆ ದಿನವಿಡೀ ಸೊಸೆ ಬೆಡ್‌ಪ್ಯಾನ್ ಇಟ್ಟು ಅವರ ಆರೈಕೆ ಮಾಡಬೇಕಾಯಿತು. ಕೆಲಸ ಕೆಟ್ಟಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದೆಂದು ಈ ಸಂಗತಿಯನ್ನು ಬರೆದಿದ್ದೇನೆ.

ಮರುದಿನ ಬೆಳಗ್ಗೆ ನಾನು ಹೋದಾಗ ಬೇಸಿನ್ ಗೋಡೆಯಲ್ಲೇ ಇತ್ತು, ಗೂಟದಿಂದ ನೀರು ತೊಟ್ಟಿಕ್ಕುತ್ತಿತ್ತು, ಟ್ಯಾಂಕಿ ಖಾಲಿ. ಆಗ ಎರಡು ದಾರಿಗಳಿದ್ದವು. ಗೋಡೆಯೊಳಗಿನ ಆ ಕವಲನ್ನೇ ಮೇಲಿನಿಂದ ಕತ್ತರಿಸಿ ಮುಚ್ಚುವುದು ಒಂದು. ಅದೇ ಕವಲಿನಿಂದ ಕಮೋಡಿನ ಫ್ಲಶ್ ಟ್ಯಾಂಕಿಗೂ ಹೆಲ್ತ್ ಫಾಸೆಟ್ಟಿಗೂ ನೀರು ಹೋಗುತ್ತಿದ್ದುದರಿಂದ, ಹಾಗೆ ಮಾಡಿದರೆ ಹೊರಗಿನಿಂದ ಹೊಸ ಪೈಪು ತಂದು ಗೋಡೆ ಒಡೆಯಬೇಕಿತ್ತು. ಮುರಿದ ನಿಪ್ಪಲಿನ ತುಂಡನ್ನು ಎಲ್ಬೋದಿಂದ (ಪೈಪಿನ ಮೂಲೆಯ ಜೋಡಣೆಯಿಂದ) ಹೊರತೆಗೆದು ಅಲ್ಲಿಗೇ ಡಮ್ಮಿ, ಅಂದರೆ ಪೈಪಿನ ಬಾಯಿ ಮುಚ್ಚುವ ಬಿರಡೆ ಹಾಕುವುದು ಇನ್ನೊಂದು. ಎರಡನೆಯದನ್ನು ಆಯ್ದುಕೊಂಡೆವು. ಆದರೆ ಅದಕ್ಕೆ ಕೈಹಾಕುವ ಮೊದಲು ತಾರಸಿಯಲ್ಲಿ, ಕೆಟ್ಟುಹೋದ ಗೇಟ್ ವಾಲ್ವನ್ನು ಕಿತ್ತು ಹೊಸ ಬಾಲ್ ವಾಲ್ವ್ ಕೂರಿಸಿ, ಟ್ಯಾಂಕಿಗೆ ಸ್ವಲ್ಪ ನೀರು ಬಿಟ್ಟು, ಅದು ನಿಜವಾಗಿ ನಿಲ್ಲಿಸುತ್ತದೆಯೇ ಎಂದು ಕಾಲು ಗಂಟೆ ಕಾದು ನೋಡಿದೆವು. ನೀರನ್ನು ನಿಲ್ಲಿಸುವ ಒಂದು ಖಚಿತ ಜಾಗವಿಲ್ಲದೆ ಬೇಸಿನ್ನಿನ ಯಾವ ನಟ್ಟನ್ನೂ ಮುಟ್ಟಬಾರದು.

ನಿಪ್ಪಲಿನ ತುಂಡು ಟೈಲಿನ ಮೇಲ್ಮೈಯಿಂದ ಸುಮಾರು ಮೂರು ಸೆಂಟಿಮೀಟರ್ ಒಳಗಿತ್ತು. ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು, ನಿಪ್ಪಲಿನ ಒಳಮೈಯಲ್ಲಿ ಬೆರಳಗಲ ಅಂತರದಲ್ಲಿ ಎರಡು ಗೀರು ಕೊಯ್ದೆವು. ಬ್ಲೇಡು ನಿಪ್ಪಲಿನ ದಪ್ಪವನ್ನು ದಾಟಿ ಎಲ್ಬೋದ ಥ್ರೆಡ್ ಮುಟ್ಟಿದರೆ ಮುಂದೆ ಡಮ್ಮಿ ಹಾಕಿದರೂ ನೀರು ಸೋರುತ್ತದೆ. ಆದ್ದರಿಂದ ಹತ್ತು ಸಲ ಎಳೆದು ಒಮ್ಮೆ ಟಾರ್ಚ್ ಹಿಡಿದು ನೋಡುವುದು, ಮತ್ತೆ ಎಳೆಯುವುದು. ಕೊನೆಗೆ ಸಣ್ಣ ಚಾಣದಿಂದ ಎರಡು ಗೀರುಗಳ ನಡುವಿನ ಪಟ್ಟಿಯನ್ನು ಒಳಕ್ಕೆ ಮಡಚಿದಾಗ ಉಳಿದ ಉಂಗುರ ಸಡಿಲಗೊಂಡು, ಇಕ್ಕಳಕ್ಕೆ ಸಿಕ್ಕಿ ಹೊರಬಂತು. ಐವತ್ತು ನಿಮಿಷ ಹಿಡಿಯಿತು. ಹೊಸ ನಿಪ್ಪಲಿಗೆ ಥ್ರೆಡ್ ಬಿಗಿಯುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪು ಸುತ್ತಿ ಕೂರಿಸಿ, ಅದರ ತುದಿಗೆ ಡಮ್ಮಿ ತಿರುಗಿಸಿದೆವು.

ಡಮ್ಮಿಯ ಮೇಲೆ ಟೈಲು ಹಾಕಿ ಪೂರ್ತಿ ಮುಚ್ಚಿಬಿಟ್ಟರೆ ಗೋಡೆ ನೋಡಲು ಚೆನ್ನಾಗಿರುತ್ತದೆ ಎಂದು ಮಗ ಹೇಳಿದರು. ಒತ್ತಡದಲ್ಲಿರುವ ಪೈಪಿನ ಬಾಯನ್ನು ಕಣ್ಣಿಗೆ ಕಾಣದಂತೆ ಮುಚ್ಚಬಾರದು, ಸೋರಿದರೆ ಮುರಕಲ್ಲು ನೀರು ಕುಡಿದು ಎಲ್ಲೋ ದೂರದಲ್ಲಿ ಒದ್ದೆ ತೋರಿಸುತ್ತದೆ ಎಂದು ನಾನು ಒಪ್ಪಲಿಲ್ಲ. ಟೈಲಿನ ಮಟ್ಟಕ್ಕೆ ಸ್ಟೀಲಿನ ಒಂದು ಬಿಲ್ಲೆ ಇಟ್ಟು, ಡಮ್ಮಿಯನ್ನು ಹೊರಗೆ ಕಾಣುವಂತೆ ಬಿಟ್ಟೆವು. ಈ ಒಂದು ತೀರ್ಮಾನ ಮುಂದೆ ಬೇರೊಂದು ಕಾರಣಕ್ಕೆ ನಮ್ಮನ್ನು ಕಾಯಿತು.

ಗೋಡೆಯೊಳಗಿನ ಕಬ್ಬಿಣ

ಬೇಸಿನ್ ಇಳಿಸುವುದು ಸುಲಭವಾಗಿಯೇ ಆಯಿತು. ಟೈಲಿಗೂ ಬೇಸಿನ್ನಿಗೂ ನಡುವಿನ ಬಿಳಿ ಸಿಮೆಂಟಿನ ಅಂಚನ್ನು ಬ್ಲೇಡಿನಿಂದ ಪೂರ್ತಿ ಬಿಡಿಸಿಕೊಂಡ ಮೇಲೆ, ಇಬ್ಬರು ಎರಡು ಕಡೆ ಹಿಡಿದು ಮೇಲಕ್ಕೆತ್ತಿ ಹೊರಗೆ ತಂದರು. ಅಂಚು ಎಲ್ಲಾದರೂ ಅಂಟಿಕೊಂಡಿರುವಾಗಲೇ ಎಳೆದರೆ ಟೈಲಿನ ಹೊಳಪು ಪದರವೂ ಎದ್ದುಬರುತ್ತದೆ, ಆದ್ದರಿಂದ ಈ ಒಂದು ಹಂತದಲ್ಲಿ ಅವಸರ ಸಲ್ಲದು.

ನಿಜವಾದ ಪ್ರಶ್ನೆ ಉಳಿದದ್ದು ಬೇಸಿನ್ ಹೊತ್ತಿದ್ದ ಎರಡು ಕಬ್ಬಿಣದ ಬ್ರಾಕೆಟ್‌ಗಳದ್ದು. ಈಗಿನ ಹಾಗೆ ಬೋಲ್ಟ್ ಹಾಕಿ ನಿಲ್ಲಿಸಿದವಲ್ಲ; ಗೋಡೆ ಕಟ್ಟುವಾಗಲೇ ಬಾಲವನ್ನು ನಾಲ್ಕು ಇಂಚು ಕಲ್ಲಿನೊಳಗೆ ಇಳಿಸಿ ಸಿಮೆಂಟಿನಿಂದ ಕಟ್ಟಿದ್ದವು. ಹಿಂದಿನ ದಿನ ಬಂದವರು ಒಂದನ್ನು ಹಾರೆಯಿಂದ ಸ್ವಲ್ಪ ಮೀಟಿ ನೋಡಿದ್ದ ಗುರುತಿತ್ತು. ಅದರ ಸುತ್ತಲಿನ ಟೈಲು ಬಿರುಕು ಬಿಟ್ಟಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಪಕ್ಕದ ಮೂರು ಟೈಲುಗಳೂ ಟೊಳ್ಳಾಗಿ ಕೇಳಿಸಿದವು.

ಮುರಕಲ್ಲಿನ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ನೆಲದಿಂದ ಕಡಿಯುವಾಗ ಇದು ಕೊಡಲಿಗೆ ಸಿಗುವಷ್ಟು ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟು ಬರೆದದ್ದು ಈ ಗುಣವನ್ನು ನೋಡಿಯೇ. ಆದರೆ ಕಲ್ಲಿನ ಮೈತುಂಬ ತೂತುಗಳಿರುತ್ತವೆ, ತೂತುಗಳಲ್ಲಿ ಜೇಡಿಮಣ್ಣು ಇರುತ್ತದೆ. ಮೇಲಿನಿಂದ ಬರುವ ಭಾರವನ್ನು ಅದು ಚೆನ್ನಾಗಿ ಹೊರುತ್ತದೆ. ಹೊರಗೆ ಎಳೆಯುವ ಬಲವನ್ನು ತಾಳುವುದಿಲ್ಲ. ನಾಲ್ಕು ಇಂಚಿನ ಬಾಲವನ್ನು ಕಿತ್ತರೆ ಅದರೊಂದಿಗೆ ಒಂದು ತೆಂಗಿನಕಾಯಿಯಷ್ಟು ಕಲ್ಲು, ಮೇಲಿನ ಐದಾರು ಟೈಲು ಎಲ್ಲವೂ ಬರುವುದು ಖಂಡಿತ. ಆದ್ದರಿಂದ ಕೀಳುವುದಿಲ್ಲ, ಕತ್ತರಿಸುತ್ತೇವೆ ಎಂದು ತೀರ್ಮಾನಿಸಿದೆ.

ಎಲ್ಲಿ ಕತ್ತರಿಸುವುದು ಎಂಬುದು ಮುಂದಿನ ಮಾತು. ಟೈಲಿನ ಮಟ್ಟಕ್ಕೇ ಕೊಯ್ದು ಮೇಲೆ ಬಿಳಿ ಸಿಮೆಂಟ್ ಬಳಿಯುವವರು ಬಹಳ ಮಂದಿ ಇದ್ದಾರೆ. ನಮ್ಮ ಜಿಲ್ಲೆಯ ಮಳೆಗಾಲದ ತೇವದಲ್ಲಿ ಆ ಕಬ್ಬಿಣ ತುಕ್ಕು ಹಿಡಿಯದೆ ಇರುವುದಿಲ್ಲ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಎರಡು ಮೂರು ಮಳೆಗಾಲ ಕಳೆಯುವಾಗ ಕಂದು ನೀರು ಇಳಿದು ಟೈಲು ಸೀಳುತ್ತದೆ. ಅದಕ್ಕಾಗಿ ಬ್ರಾಕೆಟ್ ಇದ್ದ ಎರಡು ಟೈಲುಗಳನ್ನೇ ತೆಗೆಯುವ ಯೋಚನೆ ಮಾಡಿದೆವು. ಹಾಗೆ ಮಾಡಬೇಕಾದರೆ ಅದೇ ಟೈಲು ಬೇಕು. ಅಂಗಡಿಯಲ್ಲಿ ಆ ಮಾದರಿ ಸಿಗುವ ಕಾಲ ಎಂದೋ ಮುಗಿದಿತ್ತು. ಹಳೆಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ಹಿಂದೆ, ಕಾಗದ ಸುತ್ತಿದ ನಾಲ್ಕು ಟೈಲುಗಳನ್ನು ಸೊಸೆ ಹುಡುಕಿ ತಂದರು. ಮಾವ ತೀರಿಕೊಳ್ಳುವ ಮೊದಲು ಅದನ್ನು ಎತ್ತಿಟ್ಟದ್ದು ಅವರೊಬ್ಬರಿಗೆ ನೆನಪಿತ್ತು.

ಟೈಲಿನ ಸುತ್ತಲಿನ ಸಂದಿನ ಸಿಮೆಂಟನ್ನು ಮೊದಲು ಪೂರ್ತಿ ಕೆರೆದು, ನೆರೆಯ ಟೈಲಿನಿಂದ ಬಿಡಿಸಿ, ನಂತರ ನಡುವಿನಿಂದ ಒಡೆದು ತುಂಡುತುಂಡಾಗಿ ತೆಗೆದೆವು. ಅಂಚಿನಿಂದ ಮೀಟಿದ್ದರೆ ಟೊಳ್ಳಾಗಿದ್ದ ಪಕ್ಕದವೂ ಬೀಳುತ್ತಿದ್ದವು. ಕಬ್ಬಿಣವನ್ನು ಸಾರಣೆಯ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಒಳಗೆ ಕೊಯ್ದು, ಉಜ್ಜಿ, ಸತುವಿನ ಪ್ರೈಮರ್ ಎರಡು ಸಲ ಬಳಿದು, ಒಣಗಿದ ಮೇಲೆ ಎಪಾಕ್ಸಿ ತುಂಬಿದೆವು. ಗ್ರೈಂಡರ್ ಬಳಸಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಕಿಡಿ ಹಾರಿ ಟೈಲಿನ ಹೊಳಪಿನಲ್ಲಿ ಕೂತು ಮರುದಿನವೇ ತುಕ್ಕಿನ ಚುಕ್ಕೆಯಾಗುವುದನ್ನು ಹಿಂದೆ ನೋಡಿದ್ದೆ, ಕೈಯಿಂದಲೇ ಕೊಯ್ಸಿದೆ. ಮೂರನೆಯ ದಿನ ಸಂಜೆಗೆ ಹೊಸ ಟೈಲು ಎರಡೂ ಕೂತವು. ಗೋಡೆ ನೋಡಿ ಮನೆಯವರಿಗೂ ನನಗೂ ಸಂತೋಷವಾಯಿತು.

ಖಾಲಿ ಜಾಗಕ್ಕೆ ಚಾಚಿದ ಕೈ

ಅದಾಗಿ ಐದನೆಯ ದಿನ ಬೆಳಗಿನ ಜಾವ ಅಮ್ಮ ಕಮೋಡಿನಿಂದ ಏಳುವಾಗ ಕೈಯನ್ನು ಗೋಡೆಯ ಕಡೆ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ದೇಹ ಆ ಕಡೆ ವಾಲಿತು. ಬಾಗಿಲಲ್ಲೇ ನಿಂತಿದ್ದ ಸೊಸೆ ಹಿಂದಿನಿಂದ ಹಿಡಿದುಕೊಂಡದ್ದರಿಂದ ಬೀಳಲಿಲ್ಲ.

ಸುದ್ದಿ ತಿಳಿದು ನಾನು ಹೋಗಿ ಕೂತಾಗ ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಆ ಬೇಸಿನ್ನಿನ ಕರೆಯನ್ನು (ಅಂಚನ್ನು) ಹಿಡಿದೇ ನಾನು ಏಳುವುದು ಮಗಾ. ತೆಗೆಯುವ ಮೊದಲು ನನ್ನ ಹತ್ತಿರ ಯಾರೂ ಕೇಳಲಿಲ್ಲ.”

ಮಾತಿನಲ್ಲಿ ದೂರು ಇರಲಿಲ್ಲ, ನನಗೆ ಮಾತ್ರ ಅದು ಬಹಳ ದಿನ ಕಾಡಿತು. ನಾನು ಮಗನೊಡನೆ ಮಾತಾಡಿದ್ದೆ, ಸೊಸೆಯ ಕಷ್ಟ ಕೇಳಿದ್ದೆ, ಟೇಪು ಹಿಡಿದು ಸೆಂಟಿಮೀಟರ್ ಲೆಕ್ಕ ಬರೆದಿದ್ದೆ. ಆ ಜಾಗವನ್ನು ಬಳಸುವವರು ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವರ ಮಟ್ಟಿಗೆ ಅದು ಕೈ ತೊಳೆಯುವ ಬೇಸಿನ್ ಆಗಿರಲೇ ಇಲ್ಲ, ಎದ್ದು ನಿಲ್ಲುವ ಆಧಾರವಾಗಿತ್ತು. ಹಾಗೆಂದು ಅದನ್ನು ಉಳಿಸಬೇಕಿತ್ತು ಎಂದಲ್ಲ. ಪಿಂಗಾಣಿ ಬೇಸಿನ್ ಬ್ರಾಕೆಟ್ ಮೇಲೆ ಕೂತ ವಸ್ತು. ಒಂದು ಮೂಲೆಯಲ್ಲಿ ದೇಹದ ಭಾರ ಬಿದ್ದರೆ ಮಗುಚಬಹುದು, ಒಡೆದರೆ ಅದರ ಚೂರು ಗಾಜಿನಂತೆ ಆಳವಾಗಿ ಕೊಯ್ಯುತ್ತದೆ. ಅಷ್ಟು ದಿನ ಏನೂ ಆಗದೆ ಇದ್ದದ್ದೇ ದೊಡ್ಡದು. ಅದು ಹೋಗಲೇಬೇಕಿತ್ತು, ಆದರೆ ಹಿಡಿಕಂಬಿ ಬಂದ ಮೇಲೆ ಹೋಗಬೇಕಿತ್ತು.

ಕಂಬಿ ಹಾಕುವಾಗ ಮುರಕಲ್ಲಿನ ಪ್ರಶ್ನೆ ಮತ್ತೆ ಎದ್ದಿತು. ಅಂಗಡಿಯಲ್ಲಿ ಕಂಬಿಯ ಜತೆ ಕೊಡುವ ಪ್ಲಾಸ್ಟಿಕ್ ಪ್ಲಗ್ಗು, ತಿರುಪುಗಳು ಈ ಕಲ್ಲಿನಲ್ಲಿ ನಿಲ್ಲುವುದಿಲ್ಲ. ಬಿಗಿಯುತ್ತಾ ಹೋದಂತೆ ಅರಳುವ ಆ್ಯಂಕರ್ ಬೋಲ್ಟ್ ಕಲ್ಲನ್ನೇ ಪುಡಿ ಮಾಡುತ್ತದೆ. ಮೊದಲ ದಿನ ಗಟ್ಟಿಯಾಗಿ ತೋರಿ ತಿಂಗಳಲ್ಲಿ ಸಡಿಲವಾಗುತ್ತದೆ. ಮನುಷ್ಯನ ಭಾರ ಹೊರಬೇಕಾದ ಕಡೆ ಅಂಥದ್ದನ್ನು ನಂಬುವಂತಿಲ್ಲ. ಅದೃಷ್ಟಕ್ಕೆ ಆ ಗೋಡೆಯ ಆಚೆ ಬದಿ ಉಗ್ರಾಣ. ಗೋಡೆಯನ್ನು ಆರಪಾರ ಕೊರೆದು, ಉದ್ದದ ಸ್ಟೀಲ್ ಬೋಲ್ಟ್ ತೂರಿಸಿ, ಉಗ್ರಾಣದ ಕಡೆ ಅಂಗೈಯಗಲದ ಕಬ್ಬಿಣದ ತಗಡಿಟ್ಟು ನಟ್ ಬಿಗಿದೆವು. ಹೀಗೆ ಮಾಡಿದರೆ ಕಂಬಿಯನ್ನು ಎಳೆದಾಗ ಬಲ ಕಲ್ಲಿನ ಒಳಮೈಯ ಮೇಲೆ ಬೀಳದೆ ಆಚೆ ಬದಿಯ ತಗಡಿನ ಮೇಲೆ ಬೀಳುತ್ತದೆ. ಮುರಕಲ್ಲಿಗೆ ತಾಳಲು ಬರುವುದು ಆ ಒತ್ತು ಮಾತ್ರ. ಟೈಲು ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಹಾಕಬಾರದೆಂದು ಹೇಳಿದ್ದರೂ, ಒಂದು ತೂತಿನಲ್ಲಿ ಸ್ವಲ್ಪ ಬೇಗ ಒತ್ತಿದ್ದರಿಂದ, ಐದು ದಿನದ ಹಿಂದೆ ಕೂರಿಸಿದ ಟೈಲೇ ಸೀಳಿತು. ಅಟ್ಟದಿಂದ ಬಂದ ಮೂರನೆಯದು ಹೀಗೆ ಖರ್ಚಾಯಿತು. ಕಂಬಿಯ ಯೋಚನೆ ಮೊದಲೇ ಇದ್ದಿದ್ದರೆ ಗೋಡೆ ತೆರೆದಿದ್ದಾಗಲೇ ಬೋಲ್ಟ್ ಕೂರಿಸಿ ಅದರ ಮೇಲೆ ಟೈಲು ಹಾಕಬಹುದಿತ್ತು.

ಎತ್ತರವನ್ನು ಪುಸ್ತಕದ ಅಳತೆಯಿಂದ ತೀರ್ಮಾನಿಸಲಿಲ್ಲ. ಅಮ್ಮನನ್ನು ಕಮೋಡಿನ ಮೇಲೆ ಕೂರಿಸಿ, ಏಳುವಂತೆ ಕೈ ಚಾಚಲು ಹೇಳಿ, ಕೈ ಮುಟ್ಟಿದ ಕಡೆ ಸೊಸೆ ಪೆನ್ಸಿಲಿನಿಂದ ಗುರುತು ಹಾಕಿದರು. ನಾಲ್ಕು ಸಲ ಹಾಕಿದ ಗುರುತುಗಳು ಮೂರು ಬೆರಳಿನ ಅಗಲದೊಳಗೆ ಬಿದ್ದವು. ಅವುಗಳ ನಡುವೆ, ನೆಲದಿಂದ 76 ಸೆಂಟಿಮೀಟರ್ ಎತ್ತರದಲ್ಲಿ ಕಂಬಿ ನಿಂತಿತು. ಗೋಡೆಗೂ ಕಂಬಿಗೂ ನಡುವೆ ನಾಲ್ಕು ಸೆಂಟಿಮೀಟರ್ ಬಿಟ್ಟೆವು: ಬೆರಳು ಆಡಬೇಕು, ಮೊಣಕೈ ಜಾರಿ ಸಿಕ್ಕಿಕೊಳ್ಳಬಾರದು. ಅಮ್ಮ ಹಿಡಿಯುವ ಮೊದಲು ನಾನು ನನ್ನ ಪೂರ್ತಿ ಭಾರ ಹಾಕಿ ಜೋತಾಡಿ ನೋಡಿದೆ.

ಮೀನ ಮಾಸದ ವಾಸನೆ

ಕೆಲಸ ನಡೆದದ್ದು ಜನವರಿಯಲ್ಲಿ. ಮಾರ್ಚ್ ಮಧ್ಯದಲ್ಲಿ ಸೊಸೆ ಫೋನ್ ಮಾಡಿ, ಶೌಚಾಲಯದಲ್ಲಿ ಕೆಟ್ಟ ವಾಸನೆ, ರಾತ್ರಿ ಜಿರಳೆಯೂ ಬರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದರು. ಅವರು ತೊಳೆಯುತ್ತಿದ್ದದ್ದು ಕಮೋಡನ್ನು. ಅಮ್ಮ ಜಾರಬಾರದೆಂದು ನೆಲವನ್ನು ಒದ್ದೆ ಬಟ್ಟೆಯಿಂದ ಒರಸುತ್ತಿದ್ದರೇ ಹೊರತು ನೀರು ಹೊಯ್ಯುತ್ತಿರಲಿಲ್ಲ.

ಬೇಸಿನ್ನಿನ ನೀರು ಒಂದು ಸುರುಳಿ ಪೈಪಿನಿಂದ ಇಳಿದು ನೆಲದ ಜಾಲಿಗೆ, ಅಂದರೆ ನಹಾನಿ ಟ್ರ್ಯಾಪಿಗೆ ಬೀಳುತ್ತಿತ್ತು. ಟ್ರ್ಯಾಪಿನ ಬಾಗಿದ ಹೊಟ್ಟೆಯಲ್ಲಿ ಸಾಧಾರಣವಾಗಿ 50 ಮಿಲಿಮೀಟರ್ ನೀರು ಯಾವಾಗಲೂ ನಿಂತಿರಬೇಕು; ಇಂಗುಗುಂಡಿಯ ಗಾಳಿ ಮೇಲೆ ಬರದಂತೆ ತಡೆಯುವ ಬಾಗಿಲು ಆ ನೀರೇ. ಸ್ನಾನ ಹಿಂದಿನ ಬಚ್ಚಲಿನಲ್ಲಿ ಆಗುತ್ತಿದ್ದ ಆ ಮನೆಯಲ್ಲಿ ಈ ಟ್ರ್ಯಾಪಿಗೆ ನೀರು ಬರುತ್ತಿದ್ದದ್ದು ಬೇಸಿನ್ನಿನಿಂದ ಮಾತ್ರ. ಬೇಸಿನ್ ಹೋಯಿತು, ಬಿಸಿಲು ಏರಿತು, ಟ್ರ್ಯಾಪ್ ಒಣಗಿತು. ನಾನು ಜಾಲಿ ಎತ್ತಿ ಟಾರ್ಚ್ ಹಾಕಿದಾಗ ತಳದಲ್ಲಿ ಬಿರುಕು ಬಿಟ್ಟ ಕೆಸರಿನ ಪೊರೆ ಕಂಡಿತು, ನೀರಿನ ಪಸೆ ಇರಲಿಲ್ಲ. ಎರಡು ಚೊಂಬು ನೀರು ಹೊಯ್ದು ಅರ್ಧ ಗಂಟೆ ಕಾದದ್ದೇ, ವಾಸನೆ ಇಳಿಯಿತು.

ವಾರಕ್ಕೊಮ್ಮೆ ನೀರು ಹೊಯ್ಯಿರಿ ಎಂದು ಹೇಳಿ ಬರಬಹುದಿತ್ತು. ಆದರೆ ಹಿರಿಯರ ಆರೈಕೆಯಲ್ಲಿ ಹಗಲೂ ರಾತ್ರಿಯೂ ನಿಂತವರ ತಲೆಗೆ ಇನ್ನೊಂದು ನೆನಪಿನ ಹೊರೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಹೊರಗೆ ಕಾಣುವಂತೆ ಬಿಟ್ಟಿದ್ದ ಡಮ್ಮಿ ಆಗ ಉಪಯೋಗಕ್ಕೆ ಬಂತು. ಅದನ್ನು ಬಿಚ್ಚಿ, ಅಲ್ಲಿಗೆ ಗೋಡೆಯಿಂದ ಹೆಚ್ಚು ಚಾಚದ ಒಂದು ಸಣ್ಣ ನಳ್ಳಿ ಕೂರಿಸಿದೆವು. ಅದರ ಅಡಿಯಲ್ಲಿ ನೆಲ ಒರಸುವ ಬಕೆಟ್ ಇಟ್ಟು ತುಂಬಿಸುವುದು, ಒರಸಿ ಮುಗಿದ ನೀರನ್ನು ಅದೇ ಜಾಲಿಗೆ ಹೊಯ್ಯುವುದು. ಹೇಗೂ ಮಾಡಲೇಬೇಕಾದ ಕೆಲಸದಲ್ಲಿ ಟ್ರ್ಯಾಪ್ ತಾನಾಗಿ ತುಂಬುತ್ತದೆ, ಅಮ್ಮ ನಡೆಯುವ ನೆಲವೂ ಒಣಗಿರುತ್ತದೆ. ಅಮ್ಮನ ಕೈ ತೊಳೆಯಲು ಇದೇ ನಳ್ಳಿ ಸಾಲದೇ ಎಂದು ಮಗ ಕೇಳಿದರು. ಸಿಡಿದ ನೀರು ವಾಕರಿನ ಕಾಲಿನಡಿಗೆ ಹೋಗುತ್ತದೆ; ಕೈ ತೊಳೆಯುವುದು ಊಟದ ಕೋಣೆಯ ಬೇಸಿನ್ನಿನಲ್ಲೇ ಆಗಲಿ ಎಂದೆ.

ಈಗ ಕೇಳುವ ಪ್ರಶ್ನೆಗಳು

ಈ ಪ್ರಕರಣದ ನಂತರ ಬೇಸಿನ್ ತೆಗೆಯಲು ಯಾರು ಕರೆದರೂ ಸ್ಪ್ಯಾನರ್ ಹೊರತೆಗೆಯುವ ಮೊದಲು ಅರ್ಧ ಗಂಟೆ ಮಾತಿಗೆ ಕೂರುತ್ತೇನೆ. ಇದನ್ನು ದಿನವೂ ಮುಟ್ಟುವವರು ಯಾರು, ಯಾವುದಕ್ಕಾಗಿ ಮುಟ್ಟುತ್ತಾರೆ, ಇದರ ನೀರು ಎಲ್ಲಿಗೆ ಹೋಗುತ್ತದೆ, ಆ ಜಾಗಕ್ಕೆ ಬೇರೆ ನೀರು ಬರುತ್ತದೆಯೇ, ಮೇಲಿನ ವಾಲ್ವ್ ನಿಲ್ಲುತ್ತದೆಯೇ ಎಂದು ಕೇಳಿ, ಸಾಧ್ಯವಿದ್ದರೆ ಬಳಸುವವರು ಬಳಸುವುದನ್ನೇ ನೋಡಿ, ಆಮೇಲೆ ತೆಗೆಯಬೇಕೇ ಎಂಬ ಮಾತಿಗೆ ಬರುತ್ತೇನೆ. ಪೂರ್ತಿ ತೆಗೆಯುವ ಬದಲು ಮೂಲೆಗೆ ಕೂರುವ ಸಣ್ಣ ಬೇಸಿನ್ ಹಾಕಿದರೆ ಸಾಕಾಗುವ ಮನೆಗಳೂ ಇವೆ; ಈ ಮನೆಯಲ್ಲಿ ಆ ಯೋಚನೆ ನಮಗೆ ಯಾರಿಗೂ ಹೊಳೆಯಲಿಲ್ಲ, ಹೊಳೆದಿದ್ದರೆ ಟ್ರ್ಯಾಪಿನ ತೊಂದರೆ ಬರುತ್ತಲೇ ಇರಲಿಲ್ಲ. ಮೊದಲ ದಿನ ಬಂದ ಪ್ಲಂಬರನ್ನು ಮನೆಯವರು ಬಹಳ ಬೈದರು. ವಾಲ್ವ್ ಪರೀಕ್ಷಿಸದೆ ರೆಂಚ್ ಹಾಕಿದ್ದು ಅವರ ತಪ್ಪು ಹೌದು. ಆದರೆ ಅವರ ತಪ್ಪಿನಿಂದ ನೆಲ ಒದ್ದೆಯಾಯಿತು, ನನ್ನ ತಪ್ಪಿನಿಂದ ಅಮ್ಮ ಬೀಳುವುದರಲ್ಲಿದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದೆ. ಬ್ರಾಕೆಟ್ ಇದ್ದ ಕಡೆ ಟೈಲಿನಲ್ಲಿ ಕಂದು ಕಲೆ ಇಲ್ಲ, ತಟ್ಟಿದರೆ ತುಂಬಿದ ಸದ್ದು. ಕಂಬಿ ಅಲುಗುವುದಿಲ್ಲ. ಉಗ್ರಾಣದ ಕಡೆಯ ತಗಡಿಗೆ ಮಾತ್ರ ಅಂಚಿನಲ್ಲಿ ತುಕ್ಕು ಶುರುವಾಗಿತ್ತು. ಉಜ್ಜಿ ಬಣ್ಣ ಬಳಿಯಿಸಿ ಬಂದೆ. ನಾಲ್ಕನೆಯ ಟೈಲು ಅದೇ ಕಾಗದದಲ್ಲಿ ಸುತ್ತಿಕೊಂಡು ಅಟ್ಟದಲ್ಲಿದೆ. ಅದರ ಮೇಲೆ, ಯಾವ ಗೋಡೆಯದು, ಯಾವ ಸಾಲಿನದು ಎಂದು ಸೊಸೆ ಬರೆದಿಟ್ಟಿದ್ದಾರೆ.